ಬ್ಯಾಟರಿ ತಾನಾಗಿ ಸಾಯಲಿಲ್ಲ, ಚಾರ್ಜರ್ ಕೊಂದಿತು!

ಐದು ವರ್ಷ ಬಾಳಬೇಕಾದದ್ದು ಎರಡೇ ವರ್ಷಕ್ಕೆ ಕೈ ಎತ್ತಿದ್ದೇಕೆ? ಒಂದು ಮನೆಯ ಕಥೆ, ಊರಿಗೆಲ್ಲ ಪಾಠ

(ನಮ್ಮ ವರದಿಗಾರರಿಂದ)

ದಾವಣಗೆರೆ: ಕಳೆದ ಬೇಸಿಗೆಯ ಒಂದು ರಾತ್ರಿ. ಗಂಟೆ ಒಂದೂವರೆ. ಗುಡುಗು, ಸಿಡಿಲು, ಕಣ್ಣಿಗೆ ಮಣ್ಣೆರಚುವ ಗಾಳಿ. ನಿಟ್ಟುವಳ್ಳಿ ಕಡೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತು. ಕರೆಂಟು ಹೋಯಿತು. ಬೇಸಿಗೆ ಮಳೆಗೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ, ಅದನ್ನು ಬರೆದರೆ ನಮ್ಮ ಸಂಪಾದಕರು ಕಸದ ಬುಟ್ಟಿಗೆ ಹಾಕುತ್ತಾರೆ. ಆದರೆ ಆ ರಾತ್ರಿ ಈ ವರದಿಗಾರನ ಮನೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬೇರೊಂದಿರಲಿಲ್ಲ.

ನಮ್ಮಪ್ಪ ಈ ಊರಿನ ಕಾಟನ್ ಮಿಲ್ಲೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಮಿಲ್ಲು ಮುಚ್ಚಿತು, ಹತ್ತಿಯ ಧೂಳು ಮಾತ್ರ ಅಪ್ಪನ ಎದೆಯೊಳಗೆ ಉಳಿಯಿತು. ಈಗ ರಾತ್ರಿ ಮಲಗುವಾಗ ಅವರಿಗೆ ಆಕ್ಸಿಜನ್ ಮಿಷನ್ನು ಬೇಕು. ಕೋಣೆಯ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿ ಮೂಗಿಗೆ ಕೊಡುವ ಈ ಮಿಷನ್ನಿಗೆ ಸುಮಾರು 350 ವ್ಯಾಟ್ ವಿದ್ಯುತ್ ಸದಾ ಬೇಕು. ಕರೆಂಟು ನಿಂತರೆ ಮಿಷನ್ನೂ ನಿಲ್ಲುತ್ತದೆ.

ಅದಕ್ಕೇ ಇನ್ವರ್ಟರ್ ಇತ್ತು. ಎರಡು ವರ್ಷದ ಹಿಂದಷ್ಟೇ ಚೀಟಿ ಎತ್ತಿ 150 ಆಂಪಿಯರ್-ಅವರ್‌ನ ಹೊಸ ಟ್ಯೂಬುಲರ್ ಬ್ಯಾಟರಿ ಹಾಕಿಸಿದ್ದೆ. ಲೆಕ್ಕ ಪ್ರಕಾರ ಎರಡೂವರೆ ಗಂಟೆಯಾದರೂ ಬರಬೇಕಿತ್ತು. ಬಂದದ್ದು ಹನ್ನೆರಡು ನಿಮಿಷ! ಪೀಂ ಪೀಂ ಎಂದು ಕೂಗಿತು, ಕೆಂಪು ದೀಪ ತೋರಿಸಿತು, ಆರಿತು. ಕತ್ತಲಲ್ಲಿ ಅಪ್ಪ ಎದ್ದು ಕೂತು ಗೋಡೆ ಹಿಡಿದುಕೊಂಡರು. ಮಾತಾಡಲಿಲ್ಲ. ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು.

ಅಪ್ಪನನ್ನು ಬೆನ್ನಿಗೆ ಹಾಕಿಕೊಂಡು, ಹೆಂಡತಿ ಮಿಷನ್ನನ್ನು ತಳ್ಳಿಕೊಂಡು, ಮಳೆಯಲ್ಲಿ ಮೂರನೇ ಮನೆಯ ಬಾಗಿಲು ಬಡಿದೆವು. ಅವರ ಇನ್ವರ್ಟರ್ ಬೆಳಗಿನ ಜಾವ ನಾಲ್ಕಕ್ಕೆ ಕರೆಂಟು ಬರುವವರೆಗೂ ಮಿಷನ್ನನ್ನು ಓಡಿಸಿತು. ಸೋಜಿಗವೆಂದರೆ, ಅವರ ಬ್ಯಾಟರಿಗೆ ಆಗಲೇ ಐದು ವರ್ಷವಾಗಿತ್ತು. ಕಂಪನಿಯೂ ಒಂದೇ, ಸೈಜೂ ಒಂದೇ.

"ನೀರೇ ಕುಡಿದಿಲ್ಲ ಅಂದ್ರೆ ಊಟಾನೇ ಮಾಡಿಲ್ಲ!"

ಬೆಳಗಾದ ಕೂಡಲೇ ಪಿ.ಬಿ. ರಸ್ತೆ ಕಡೆಯಿಂದ ಹಳೇ ಬ್ಯಾಟರಿ ಮೇಸ್ತ್ರಿಯೊಬ್ಬರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ಹೆಸರು ಬರೀಬೇಡಪ್ಪ ಅಂದಿದ್ದಾರೆ, ಬರೆಯುವುದಿಲ್ಲ. ಆಸಿಡ್ ಬಿದ್ದು ಬಿದ್ದು ತೂತು ತೂತಾದ ಪ್ಯಾಂಟೇ ಅವರ ಸರ್ಟಿಫಿಕೇಟು.

"ಏನ್ರೀ ಮೇಸ್ತ್ರಿ, ಒಳ್ಳೇ ಬ್ಯಾಟರಿ ಇದು. ಎರಡು ವರ್ಷದಲ್ಲಿ ಒಂದು ತೊಟ್ಟು ನೀರು ಕೇಳಿಲ್ಲ" ಎಂದು ನಾನು ಜಂಬ ಕೊಚ್ಚಿದೆ. ಮೇಸ್ತ್ರಿ ನನ್ನ ಮುಖ ನೋಡಿ ನಕ್ಕರು.

"ಅಲ್ಲಪ್ಪಾ ತಮ್ಮಾ, ಎರಡು ವರ್ಷ ನೀರೇ ಕುಡಿದಿಲ್ಲ ಅಂದ್ರೆ ಊಟಾನೇ ಮಾಡಿಲ್ಲ ಅಂತ ಅರ್ಥ."

ಆರೂ ಮುಚ್ಚಳ ತೆಗೆದು ಗ್ರಾವಿಟಿ ಮೀಟರ್ ಇಳಿಸಿದರು. ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಗಾಜಿನ ಕೊಳವೆ ಅದು. ತುಂಬಿದ ಟ್ಯೂಬುಲರ್ ಬ್ಯಾಟರಿಯಲ್ಲಿ ಅದು 1240ರ ಆಸುಪಾಸು ನಿಲ್ಲಬೇಕು. ನಮ್ಮದರಲ್ಲಿ ನಿಂತದ್ದು 1160, 1150, 1170... ಒಂದು ಮನೆಯಲ್ಲಂತೂ 1120. ಇನ್ವರ್ಟರ್ ಮಾತ್ರ ಹಸಿರು ದೀಪ ಹೊತ್ತಿಸಿಕೊಂಡು "ಫುಲ್ ಚಾರ್ಜ್" ಎಂದು ಸಾರುತ್ತಿತ್ತು!

ಮೇಸ್ತ್ರಿ ಇನ್ವರ್ಟರನ್ನು ಗೋಡೆಯಿಂದ ಈಚೆಗೆಳೆದು, ಹಿಂಬದಿಗೆ ಟಾರ್ಚು ಬಿಟ್ಟರು. ಜೇಡರ ಬಲೆಯೊಳಗೆ ಬೆರಳ ಉಗುರಿನಷ್ಟು ಒಂದು ಸ್ವಿಚ್ಚು. ಪಕ್ಕದಲ್ಲಿ ಮೂರು ಮಾತು: ಫ್ಲಾಟ್, ಟ್ಯೂಬುಲರ್, ಎಸ್.ಎಂ.ಎಫ್. ಸ್ವಿಚ್ಚು ಎಸ್.ಎಂ.ಎಫ್. ಕಡೆ ಇತ್ತು. ಅಂದರೆ ನೀರು ಹಾಕುವ ಗೋಜಿಲ್ಲದ ಸೀಲ್ ಬ್ಯಾಟರಿಗೆ ಕೊಡುವ ಕಡಿಮೆ ವೋಲ್ಟೇಜ್. ಹಿಂದೆ ಈ ಮನೆಯಲ್ಲಿದ್ದದ್ದು ಅಂಥ ಸಣ್ಣ ಬ್ಯಾಟರಿಯೇ. ಹೊಸದು ತಂದ ಅಂಗಡಿ ಹುಡುಗ ಹಳೆಯದನ್ನು ಬಿಚ್ಚಿ, ಹೊಸದಕ್ಕೆ ವಯರು ಬಿಗಿದು, ದುಡ್ಡು ಎಣಿಸಿಕೊಂಡು ಹೋಗಿದ್ದ. ಸ್ವಿಚ್ಚು ನೋಡಲಿಲ್ಲ. ಜೊತೆಗೆ ಬಂದ ಪುಸ್ತಕವನ್ನು ನಾನೂ ಓದಲಿಲ್ಲ. ತಪ್ಪು ಅರ್ಧ ಅವನದು, ಅರ್ಧ ನನ್ನದು. ಅನುಭವಿಸಿದ್ದು ಮಾತ್ರ ಅಪ್ಪ.

ಸಾಲದ್ದಕ್ಕೆ ಆ ಹಳೇ ಇನ್ವರ್ಟರಿನ ಚಾರ್ಜರ್ ಕೊಡುತ್ತಿದ್ದದ್ದೇ 8 ಆಂಪಿಯರ್. 150ರ ಬ್ಯಾಟರಿಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹಸಿವಿನಿಂದಲೂ ಸಾವು, ಅಜೀರ್ಣದಿಂದಲೂ ಸಾವು

ಈ ವರದಿಗಾರ ಪಿಯುಸಿ ಸೈನ್ಸನ್ನು ಅರ್ಧಕ್ಕೆ ಬಿಟ್ಟ ಆಸಾಮಿ. ಬಿಡದಿದ್ದರೆ ಈ ವಿಷಯ ಮೊದಲೇ ತಿಳಿಯುತ್ತಿತ್ತೋ ಏನೋ. ಆದ್ದರಿಂದ ಮೇಸ್ತ್ರಿ ಹೇಳಿದ್ದನ್ನು, ಆಮೇಲೆ ಓದಿ ಖಾತರಿ ಮಾಡಿಕೊಂಡದ್ದನ್ನು, ನನ್ನಂಥವರಿಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ.

ಸೀಸದ ಬ್ಯಾಟರಿ ಹೊಸದೇನಲ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಕಂಡುಹಿಡಿದದ್ದು. ಸೀಸದ ಪ್ಲೇಟುಗಳು, ಸುತ್ತ ನೀರು ಬೆರೆತ ಗಂಧಕಾಮ್ಲ. ಒಂದೊಂದು ಮನೆಗೆ 2 ವೋಲ್ಟು, ಆರು ಮನೆ ಸೇರಿ 12. ನಾವು ಕರೆಂಟು ತೆಗೆದಾಗ ಆಸಿಡ್ಡಿನ ಸತ್ವ ಪ್ಲೇಟಿಗೆ ಅಂಟಿಕೊಂಡು ಸೀಸದ ಸಲ್ಫೇಟ್ ಆಗುತ್ತದೆ. ಚಾರ್ಜ್ ಮಾಡಿದಾಗ ಅದು ಪ್ಲೇಟು ಬಿಟ್ಟು ಆಸಿಡ್ಡಿಗೆ ಮರಳುತ್ತದೆ. ಇಷ್ಟೇ ಕಥೆ.

ಆದರೆ ಪೂರ್ತಿ ಚಾರ್ಜ್ ಮಾಡದೆ ಬಿಟ್ಟರೆ? ಪ್ಲೇಟಿಗೆ ಅಂಟಿದ ಸಲ್ಫೇಟ್ ದಿನ ಕಳೆದ ಹಾಗೆ ಹರಳುಗಟ್ಟುತ್ತದೆ. ಬೆಲ್ಲದ ಪಾಕ ಪಾತ್ರೆಯ ತಳಕ್ಕೆ ಹಿಡಿದ ಹಾಗೆ. ಆ ಹೊತ್ತಿಗೇ ತೊಳೆದರೆ ಹೋಗುತ್ತದೆ, ವಾರ ಬಿಟ್ಟರೆ ಕೆರೆದರೂ ಬರುವುದಿಲ್ಲ. ಹರಳು ಹಿಡಿದಷ್ಟು ಪ್ಲೇಟು ಕೆಲಸಕ್ಕಿಲ್ಲ. ಇದು ಹಸಿವಿನ ಸಾವು. ನಮ್ಮ ಬ್ಯಾಟರಿ ಸತ್ತದ್ದು ಹೀಗೆ.

ಇನ್ನೊಂದು ಅಜೀರ್ಣದ ಸಾವು. ತುಂಬಿದ ಮೇಲೂ ಚಾರ್ಜರ್ ಒತ್ತಿ ಒತ್ತಿ ಕೊಡುತ್ತಲೇ ಇದ್ದರೆ ಒಳಗಿನ ನೀರು ಒಡೆದು ಜಲಜನಕ, ಆಮ್ಲಜನಕವಾಗಿ ಹಾರಿಹೋಗುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ 14.4 ವೋಲ್ಟಿನ ಹೊತ್ತಿಗೆ ಗುಳ್ಳೆ ಏಳಲು ಶುರು. ನೀರು ಇಳಿದರೆ ಪ್ಲೇಟು ಬಯಲಾಗುತ್ತದೆ, ಬ್ಯಾಟರಿ ಕಾಯುತ್ತದೆ, ಒಳಗಿನ ಸೀಸದ ಕಡ್ಡಿಗಳು ತುಕ್ಕು ಹಿಡಿದು ಉದುರುತ್ತವೆ. ಸೀಲ್ ಬ್ಯಾಟರಿಯಾದರೆ ಹೊಟ್ಟೆ ಉಬ್ಬಿ ಪಕ್ಕ ಬಿರಿಯುತ್ತದೆ. ಹೋದ ನೀರನ್ನು ಅದಕ್ಕೆ ಮತ್ತೆ ತುಂಬುವ ಹಾಗೂ ಇಲ್ಲ.

ಹದಿನೈದು ಸಾವಿರದ ಆಜುಬಾಜು ಕೊಟ್ಟು ಬ್ಯಾಟರಿ ತರುವ ನಾವು, ಯಾವ ಕಂಪನಿ, ಎಷ್ಟು ವರ್ಷ ಗ್ಯಾರಂಟಿ, ಹಳೇದಕ್ಕೆ ಎಷ್ಟು ಮುರಿದುಕೊಳ್ತೀರಿ ಎಂದು ಗಂಟೆಗಟ್ಟಲೆ ಚೌಕಾಸಿ ಮಾಡುತ್ತೇವೆ. ಅದಕ್ಕೆ ಊಟ ಬಡಿಸುವವನು ಯಾರು ಎಂದು ಕೇಳುವುದೇ ಇಲ್ಲ.

ಅನ್ನ-ಸಾರು, ಮೊಸರನ್ನ, ಎಲೆ-ಅಡಿಕೆ

ಒಳ್ಳೇ ಚಾರ್ಜರ್ ಮೂರು ಹಂತದಲ್ಲಿ ಬಡಿಸುತ್ತದೆ. ಮೊದಲು ಅನ್ನ-ಸಾರು: ಹಸಿದ ಬ್ಯಾಟರಿಗೆ ತನ್ನ ಪೂರ್ತಿ ಕರೆಂಟು. ಇದರಲ್ಲಿ ಮುಕ್ಕಾಲು ಹೊಟ್ಟೆ ತುಂಬುತ್ತದೆ. ಆಮೇಲೆ ಮೊಸರನ್ನ: ವೋಲ್ಟೇಜನ್ನು 14.4ರ ಸುಮಾರಿನಲ್ಲಿ ಹಿಡಿದು ನಿಲ್ಲಿಸಿ, ಕರೆಂಟನ್ನು ನಿಧಾನಕ್ಕೆ ಇಳಿಸುತ್ತಾ ಬರುವುದು. ಕೊನೆಯ ತುತ್ತಿಗೇ ಹೊತ್ತು ಜಾಸ್ತಿ. ಇದನ್ನು ಅರ್ಧಕ್ಕೆ ಬಿಟ್ಟರೆ ಹರಳು ಹಿಡಿಯುವುದು ಖಂಡಿತ. ಕೊನೆಗೆ ಎಲೆ-ಅಡಿಕೆ: 13.5ರಿಂದ 13.8 ವೋಲ್ಟಿಗೆ ಇಳಿದು, ತಾನಾಗಿ ಸೋರಿಹೋಗುವಷ್ಟನ್ನು ಮಾತ್ರ ತುಂಬುತ್ತಾ ಕೂರುವುದು. ಅಂಗಡಿಯವರು ಫ್ಲೋಟ್ ಅನ್ನುತ್ತಾರಲ್ಲ, ಅದೇ ಇದು.

ಗಡಿಯಾರದ ಮುಳ್ಳಿನಂಥ ಆಂಪಿಯರ್ ಮೀಟರು, ಪಕ್ಕದಲ್ಲಿ ತಿರುಗಿಸುವ ನಾಬು ಇರುವ ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳು ಇನ್ನೂ ಬೇಕಾದಷ್ಟಿವೆ. ಗಟ್ಟಿ ಮಾಲು, ಅನುಮಾನವಿಲ್ಲ. ಆದರೆ ಅವಕ್ಕೆ ಸಾಕು ಎನ್ನುವುದು ಗೊತ್ತಿಲ್ಲ. ಪಕ್ಕದಲ್ಲಿ ಬಲ್ಲವನೊಬ್ಬ ಕೂತು ಮೀಟರು ನೋಡುತ್ತಾ ನಿಲ್ಲಿಸಬೇಕು. ಮೇಸ್ತ್ರಿಯ ಕೈಗೆ ಅದು ಸರಿ. ಮನೆಯಲ್ಲಿ ಸಂಜೆ ಹಾಕಿ ಮಲಗಿ ಬೆಳಿಗ್ಗೆ ತೆಗೆಯುವವರಿಗೆ ತಾನಾಗಿ ಹಂತ ಬದಲಿಸುವ ಚಾರ್ಜರೇ ಸರಿ.

ಚಾರ್ಜರನ್ನಾಗಲಿ ಇನ್ವರ್ಟರನ್ನಾಗಲಿ ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು:

ಒಂದು: ನನ್ನ ಬ್ಯಾಟರಿ ಜಾತಿಗೆ ಇದು ಹೊಂದುತ್ತದೆಯೇ? ಟ್ಯೂಬುಲರ್, ಫ್ಲಾಟ್, ಸೀಲ್, ಲಿಥಿಯಂ, ಒಂದೊಂದರ ವೋಲ್ಟೇಜ್ ಬೇರೆ. ಸ್ವಿಚ್ಚಿದ್ದರೆ ಕಣ್ಣೆದುರೇ ಸರಿ ಮಾಡಿಸಿ.

ಎರಡು: ಎಷ್ಟು ಆಂಪಿಯರ್ ಕೊಡುತ್ತದೆ? ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರ್‌ನ ಹತ್ತರಲ್ಲೊಂದು ಭಾಗ ಒಳ್ಳೇ ಲೆಕ್ಕ. 150ಕ್ಕೆ 15, 100ಕ್ಕೆ 10. ಪೂರ್ತಿ ಖಾಲಿಯಾದ ಬ್ಯಾಟರಿಗೆ ಆಗಲೂ ಹನ್ನೆರಡು ಗಂಟೆ ಬೇಕು. ಅದರ ಅರ್ಧ ಕರೆಂಟು ಕೊಟ್ಟರೆ ಇಡೀ ದಿನ. ಎರಡು ಸಲ ಕರೆಂಟು ಹೋದ ದಿನ ಹೊಟ್ಟೆ ತುಂಬುವುದು ಎಲ್ಲಿಂದ? ಹಾಗಂತ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ನೂಕುವುದೂ ಸಲ್ಲ.

ಮೂರು: ತುಂಬಿದ ಮೇಲೆ ಫ್ಲೋಟಿಗೆ ಇಳಿಯುತ್ತದೆಯೇ?

ನಾಲ್ಕು: ಸೆಕೆಗೆ ತಕ್ಕಂತೆ ವೋಲ್ಟೇಜ್ ಇಳಿಸುತ್ತದೆಯೇ? 25 ಡಿಗ್ರಿಗಿಂತ ಮೇಲೆ ಒಂದೊಂದು ಡಿಗ್ರಿಗೂ ಸುಮಾರು 0.02ರಿಂದ 0.03 ವೋಲ್ಟು ಇಳಿಯಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಇದು ಶೋಕಿಯಲ್ಲ.

ಐದು: ವಯರು ಉಲ್ಟಾ ಕೊಟ್ಟರೆ, ಶಾರ್ಟ್ ಆದರೆ ತಾನೇ ನಿಲ್ಲುತ್ತದೆಯೇ?

ಇಷ್ಟಕ್ಕೂ ಅಂಗಡಿಯವನು "ಅದೆಲ್ಲಾ ಏನೂ ಬೇಕಿಲ್ಲ ಸಾರ್, ಹಾಕ್ಕೊಂಡು ಹೋಗಿ" ಅಂದರೆ ಪಕ್ಕದ ಅಂಗಡಿಗೆ ಹೋಗಿ.

ಮನೆಯಲ್ಲೇ ಮೂರು ಪರೀಕ್ಷೆ

ಕೆಲವೇ ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ, ಡಿ.ಸಿ. 20 ವೋಲ್ಟಿನ ಮನೆಗೆ ನಾಬು ತಿರುಗಿಸಿ.

ಕರೆಂಟು ಹೋಗಿ ಬಂದ ದಿನ, ಚಾರ್ಜ್ ಆಗುತ್ತಿರುವಾಗ ಆಗಾಗ ನೋಡಿ. ಟ್ಯೂಬುಲರ್ ಬ್ಯಾಟರಿಯಾದರೆ ಮುಳ್ಳು 14.4ರ ಹತ್ತಿರ ಒಮ್ಮೆಯಾದರೂ ಮುಟ್ಟಬೇಕು. 13.8 ದಾಟುವುದೇ ಇಲ್ಲವೆಂದರೆ ಬ್ಯಾಟರಿ ಉಪವಾಸವಿದೆ. ಎರಡನೆಯದು: ಇಡೀ ದಿನ ಕರೆಂಟು ಇದ್ದ ಮಾರನೇ ದಿನ ನೋಡಿ. 13.5ರಿಂದ 13.8ಕ್ಕೆ ಇಳಿದಿರಬೇಕು. ಆಗಲೂ 14.4ರಲ್ಲೇ ಕೂತಿದ್ದರೆ ಅಜೀರ್ಣ ನಡೆಯುತ್ತಿದೆ. ಮೂರನೆಯದು: ಚಾರ್ಜರ್, ಇನ್ವರ್ಟರ್ ಎರಡೂ ಆರಿಸಿ ಕೆಲವು ಗಂಟೆ ಬಿಟ್ಟು ಅಳೆಯಿರಿ. 12.5ಕ್ಕಿಂತ ಮೇಲಿದ್ದರೆ ಆರೋಗ್ಯ. 12.2 ಅಂದರೆ ಅರ್ಧ ಹೊಟ್ಟೆ. 11.9ಕ್ಕೆ ಬಂದರೆ ಖಾಲಿ.

ಇಲ್ಲೊಂದು ಕಳ್ಳಾಟದ ಬಗ್ಗೆಯೂ ಹೇಳಬೇಕು. ಸತ್ತ ಬ್ಯಾಟರಿಗೆ ಹೊಸ ಆಸಿಡ್ ಸುರಿದು, ಗ್ರಾವಿಟಿ ಮೀಟರ್ ಇಳಿಸಿ, "ನೋಡಿ ಸಾರ್, 1250 ಬಂತು, ರಿಪೇರಿ ಆಯ್ತು" ಎಂದು ದುಡ್ಡು ಕೀಳುವವರಿದ್ದಾರೆ. ಆಸಿಡ್ ಹಾಕಿದರೆ ಮೀಟರು ಏರುತ್ತದೆ, ನಿಜ. ಆದರೆ ಪ್ಲೇಟಿನ ಮೇಲಿನ ಹರಳು ಹಾಗೇ ಇರುತ್ತದೆ. ಹೆಣಕ್ಕೆ ಪೌಡರ್ ಬಳಿದ ಹಾಗೆ. ನಮ್ಮ ಮೇಸ್ತ್ರಿ ಹಾಗೆ ಮಾಡಲಿಲ್ಲ. ಅಂಗಡಿಗೆ ಒಯ್ದು ಎರಡು ದಿನ 5 ಆಂಪಿಯರಿನಲ್ಲಿ ನಿಧಾನಕ್ಕೆ ಚಾರ್ಜ್ ಕೊಟ್ಟು ನೋಡಿದರು. ಎರಡು ಮನೆ ಚೇತರಿಸಿಕೊಂಡವು, ನಾಲ್ಕು ಏಳಲಿಲ್ಲ. "ಆರು ತಿಂಗಳು ಮುಂಚೆ ಕರೆದಿದ್ರೆ ಉಳಿಸ್ತಿದ್ದೆ" ಅಂದರು.

ಹೊಲದ ಕಡೆ ಬನ್ನಿ

ಚನ್ನಗಿರಿಯ ಅಡಿಕೆ ತೋಟ, ಹರಿಹರ-ಹೊನ್ನಾಳಿಯ ಭತ್ತದ ಗದ್ದೆ, ಎಲ್ಲಿ ಹೋದರೂ ಬೆನ್ನಿಗೆ ಹಾಕುವ ಬ್ಯಾಟರಿ ಪಂಪು ಈಗ ಮನೆ ಮನೆಗೂ ಇದೆ. ಹಿಂಡುವ ಕಷ್ಟವಿಲ್ಲ, ಬಟನ್ ಒತ್ತಿದರೆ ಔಷಧಿ. ಆದರೆ ಒಂದು ಹಂಗಾಮು ಮುಗಿದು ಮುಂದಿನ ಹಂಗಾಮಿಗೆ ತೆಗೆದರೆ ಪಂಪು ಏಳುವುದೇ ಇಲ್ಲ. "ಒಂದು ವರ್ಷ ಬಂದ್ರೆ ದೊಡ್ಡದು" ಎಂಬುದೇ ರೈತರ ಮಾತಾಗಿದೆ.

ಕಾರಣ ಸರಳ. ಕೊನೆಯ ದಿನ ಔಷಧಿ ಹೊಡೆದು, ಖಾಲಿ ಬ್ಯಾಟರಿಯ ಸಮೇತ ಪಂಪನ್ನು ಕೊಟ್ಟಿಗೆಯ ಗೂಟಕ್ಕೆ ನೇತು ಹಾಕುತ್ತೇವೆ. ಮೂರು ನಾಲ್ಕು ತಿಂಗಳು ಅದು ಹಸಿದೇ ತೂಗುತ್ತದೆ. ಅದರೊಳಗಿನ 12 ವೋಲ್ಟು, 8 ಆಂಪಿಯರ್-ಅವರ್‌ನ ಸೀಲ್ ಬ್ಯಾಟರಿಗೆ ಹರಳು ಹಿಡಿಯಲು ಅಷ್ಟು ಕಾಲ ಧಾರಾಳ. ಮಾಡಬೇಕಾದದ್ದು ಇಷ್ಟೇ: ನೇತು ಹಾಕುವ ಮುಂಚೆ ಹಸಿರು ದೀಪ ಬರುವ ತನಕ ಚಾರ್ಜ್ ಮಾಡಿ. ತಿಂಗಳಿಗೊಮ್ಮೆ, ಅಮಾವಾಸ್ಯೆ ಅಂತಲೇ ನೆನಪಿಟ್ಟುಕೊಳ್ಳಿ, ಮತ್ತೆ ಒಂದಿಷ್ಟು ಹೊತ್ತು ಹಾಕಿ.

ಪಂಪಿನ ಜೊತೆ ಬಂದ ಚಾರ್ಜರ್ ಕಳೆದುಹೋದರೆ ಸಂತೆಯಲ್ಲಿ ಪಿನ್ನು ಹೊಂದಿದ್ದನ್ನೆಲ್ಲಾ ತಂದು ಚುಚ್ಚಬೇಡಿ. ಪಿನ್ನು ಒಂದೇ ಇದ್ದ ಮಾತ್ರಕ್ಕೆ ಒಳಗಿನ ವೋಲ್ಟೇಜ್ ಒಂದೇ ಇರುವುದಿಲ್ಲ. ತಾನಾಗಿ ನಿಲ್ಲದ ಚಾರ್ಜರಿಗೆ ರಾತ್ರಿಯಿಡೀ ಹಾಕಿದರೆ ಬೆಳಿಗ್ಗೆ ಬ್ಯಾಟರಿ ಬಸುರಿಯ ಹಾಗೆ ಉಬ್ಬಿರುತ್ತದೆ.

ಟ್ರ್ಯಾಕ್ಟರಿನದೂ ಇದೇ ಗೋಳು. ಕೆಲಸವಿಲ್ಲದ ತಿಂಗಳು ನಿಲ್ಲಿಸುವುದಾದರೆ ಮೈನಸ್ ವಯರು ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಪ್ಲಸ್ ಮೊದಲು.

ಬೈಕಿನವರಿಗೂ ಒಂದು ಮಾತು. 5 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿಗೆ ಬೇಕಾದದ್ದು ಅರ್ಧ ಆಂಪಿಯರ್. "ಒಂದು ತಾಸಲ್ಲಿ ಮಾಡ್ಕೊಡ್ತೀನಿ ಅಣ್ಣಾ" ಎಂದು ಟ್ರ್ಯಾಕ್ಟರ್ ಬ್ಯಾಟರಿಯ ಸಾಲಿಗೆ ಅದನ್ನೂ ಕಟ್ಟಿ 5 ಆಂಪಿಯರ್ ನೂಕಿದರೆ ಅವತ್ತು ಗಾಡಿ ಏಳುತ್ತದೆ, ತಿಂಗಳೊಳಗೆ ಬ್ಯಾಟರಿ ಮಲಗುತ್ತದೆ.

ಲಿಥಿಯಂ ಸ್ವಭಾವವೇ ಬೇರೆ

ಈಗ ಓಣಿಗೆರಡು ಎಲೆಕ್ಟ್ರಿಕ್ ಸ್ಕೂಟರ್ ಬಂದಿವೆ. ಅದರೊಳಗಿರುವುದು ಬಹುತೇಕ ಲಿಥಿಯಂ ಬ್ಯಾಟರಿ, ಮೊಬೈಲಿನದೂ ಅದೇ. ಸೀಸದ ಬುದ್ಧಿ ಇದಕ್ಕೆ ಹೇಳಬೇಡಿ. ಸೀಸಕ್ಕೆ ಹಸಿದಿರುವುದೇ ಕಾಯಿಲೆ. ಲಿಥಿಯಂಗೆ ಹೊಟ್ಟೆ ಬಿರಿಯ ಉಂಡು ಬಿಸಿಲಲ್ಲಿ ಕೂರುವುದು ಕಾಯಿಲೆ. ಪೂರ್ತಿ ಖಾಲಿ ಮಾಡಿ ವಾರಗಟ್ಟಲೆ ಬಿಟ್ಟರೂ ಕೆಡುತ್ತದೆ. ದಿನದ ಓಡಾಟಕ್ಕೆ 20ರಿಂದ 80ರ ನಡುವೆ ಇಟ್ಟುಕೊಂಡರೆ ಸಾಮಾನ್ಯವಾಗಿ ಆಯಸ್ಸು ಜಾಸ್ತಿ. ಕೆಲವು ಬಗೆಗೆ ಆಗಾಗ ಪೂರ್ತಿ ತುಂಬಿಸಬೇಕು ಎಂದು ಕಂಪನಿಯೇ ಹೇಳಿರುತ್ತದೆ, ಆ ಪುಸ್ತಕ ಓದಿ. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ಸುಮಾರು ಅರ್ಧ ಚಾರ್ಜಿನಲ್ಲಿ ನೆರಳಲ್ಲಿಡಿ.

ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಆರಲು ಬಿಡಿ. ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿ. 2022ರಲ್ಲಿ ದೇಶದ ನಾನಾ ಕಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿ ಮಾಡಿತು. ನಿಯಮ ಏನೇ ಇರಲಿ, ಹೊರಬಾಗಿಲಿಗೆ ಅಡ್ಡವಾಗಿ, ಮೆಟ್ಟಿಲ ಕೆಳಗೆ, ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವುದು ಜಾಣತನವಲ್ಲ. ಬೆಂಕಿ ಬಿದ್ದರೆ ಓಡುವ ದಾರಿಯೇ ಅದು.

ದೇವರ ಗೂಡಿನ ಕೆಳಗೆ ಇನ್ವರ್ಟರ್!

ಈ ವರದಿಗಾಗಿ ನೋಡಿದ ಮನೆಗಳಲ್ಲಿ ಒಂದು ಕಡೆ ಬ್ಯಾಟರಿ ದೇವರ ಗೂಡಿನ ಕೆಳಗೇ ಇತ್ತು. ಮೇಲೆ ದೀಪ, ಊದುಬತ್ತಿ. ಚಾರ್ಜ್ ಆಗುವಾಗ ಹೊರಡುವ ಜಲಜನಕ ಕೋಣೆಯ ಗಾಳಿಯಲ್ಲಿ ನೂರಕ್ಕೆ 4 ಭಾಗವಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ದೇವರು ಕಾಪಾಡಲಿ, ಆದರೆ ಬ್ಯಾಟರಿಯನ್ನು ಅಲ್ಲಿಂದ ನಾವೇ ಎತ್ತಿಡಬೇಕು. ಗಾಳಿಯಾಡುವ ಜಾಗ ಬೇಕು. ಬೀಡಿ, ದೀಪ, ಗ್ಯಾಸ್ ಒಲೆ ದೂರ ಇರಬೇಕು. ಚಾರ್ಜರಿನ ಕ್ಲಿಪ್ಪು ತೆಗೆಯುವ ಮುಂಚೆ ಸ್ವಿಚ್ಚು ಆರಿಸಬೇಕು. ಆಸಿಡ್ ಕಣ್ಣಿಗೆ ಸಿಡಿದರೆ ಬಹಳ ಹೊತ್ತು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು.

ಜಾಗ ತಂಪಾಗಿರಲಿ. ಶೀಟಿನ ಮನೆಯ ಬಿಸಿ, ಪಶ್ಚಿಮದ ಬಿಸಿಲು ಎರಡೂ ಬೇಡ. ಸೀಸದ ಬ್ಯಾಟರಿಗೆ 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬಲ್ಲವರ ಲೆಕ್ಕ.

ನೀರು ಅಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು, ನಲ್ಲಿ ನೀರು, ಫಿಲ್ಟರ್ ನೀರು ಯಾವುದೂ ಬೇಡ. ಚಾರ್ಜ್ ಮುಗಿದ ಮೇಲೆ ಗುರುತಿನ ತನಕ ತುಂಬಿ. ಪ್ಲೇಟು ಬಯಲಾಗಿದ್ದರೆ ಮಾತ್ರ ಮೊದಲು ಪ್ಲೇಟು ಮುಳುಗುವಷ್ಟು ಹಾಕಿ. ನೀರು ಕೇಳುವುದೇ ಇಲ್ಲವೆಂದರೆ ಒಮ್ಮೆ ಅನುಮಾನಿಸಿ, ವಾರ ವಾರ ಕೇಳಿದರೂ ಅನುಮಾನಿಸಿ. ಎರಡಕ್ಕೂ ಕಾರಣ ಚಾರ್ಜರ್ ಇರಬಹುದು.

ಸತ್ತ ಬ್ಯಾಟರಿಯನ್ನು ಗುಜರಿ ಗಾಡಿಗೆ ಹಾಕಿ ಕೈ ತೊಳೆದುಕೊಳ್ಳಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಅದನ್ನು ವಾಪಸ್ ಪಡೆದು ಸರಿಯಾಗಿ ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಅಂಗಡಿಗೇ ಕೊಟ್ಟು ಬಿಲ್ಲಿನಲ್ಲಿ ಮುರಿದುಕೊಳ್ಳಿ. ಚರಂಡಿಗೆ ಆಸಿಡ್ ಚೆಲ್ಲಿ, ಬಯಲಲ್ಲಿ ಸೀಸ ಕಾಯಿಸಿದರೆ ಆ ಹೊಗೆ, ಆ ಮಣ್ಣು ಸೇರುವುದು ಮಕ್ಕಳ ಮೈಗೆ. ಸೀಸ ಮಕ್ಕಳ ಮಿದುಳಿಗೆ ವಿಷ.

ಕ್ಯಾಲೆಂಡರಿನ ಮೇಲೆ ಅಪ್ಪನ ಅಕ್ಷರ

ಮತ್ತೊಂದು ಚೀಟಿ ಎತ್ತಿದ್ದಾಯಿತು. ಈ ಸಲ ಬ್ಯಾಟರಿಯ ಜೊತೆಗೆ ಇನ್ವರ್ಟರನ್ನೂ ಬದಲಿಸಿದೆವು. 15 ಆಂಪಿಯರ್ ಚಾರ್ಜರ್, ಸ್ವಿಚ್ಚು ಟ್ಯೂಬುಲರ್ ಕಡೆ. ಅಂಗಡಿಯವರ ಎದುರೇ ಮೀಟರು ಹಿಡಿದು 14.4 ಬರುವ ತನಕ ನಾನು ಕದಲಲಿಲ್ಲ. ಡಾಕ್ಟರ ಮಾತಿನಂತೆ ಒಂದು ಸಣ್ಣ ಆಕ್ಸಿಜನ್ ಸಿಲಿಂಡರನ್ನೂ ಮೂಲೆಯಲ್ಲಿ ಇಟ್ಟುಕೊಂಡಿದ್ದೇವೆ. ಜೀವದ ಪ್ರಶ್ನೆ ಇದ್ದಲ್ಲಿ ಬ್ಯಾಟರಿಯೊಂದನ್ನೇ ನಂಬಬಾರದು, ಅದೆಷ್ಟೇ ಒಳ್ಳೆಯದಿರಲಿ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅಪ್ಪನೇ ಮೈನ್ ಆರಿಸಿಸುತ್ತಾರೆ. ಅರ್ಧ ಗಂಟೆ ಮಿಷನ್ನು ಬ್ಯಾಟರಿಯ ಮೇಲೆ ಓಡುತ್ತದೆ. ಮಗನ ಕೈಯಲ್ಲಿ ಮೀಟರು ಹಿಡಿಸಿ, ಬಂದ ಅಂಕಿಯನ್ನು ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾರೆ. "ಮಿಲ್ಲಲ್ಲಿ ಮಿಷನ್ ನಿಂತ ಮೇಲೆ ನೋಡೋನು ಕೂಲಿ, ನಿಲ್ಲೋ ಮುಂಚೆ ನೋಡೋನು ಫಿಟ್ಟರು ಅಂತಿದ್ರು ಕಣೋ" ಎಂದು ನಗುತ್ತಾರೆ, ಕೆಮ್ಮುತ್ತಾ.

ಓದುಗರಲ್ಲಿ ಒಂದು ಕೋರಿಕೆ. ಈ ಸಂಜೆ ಪತ್ರಿಕೆ ಮಡಿಸಿಟ್ಟ ಮೇಲೆ ಒಂದು ಟಾರ್ಚು ತಗೊಳ್ಳಿ. ಇನ್ವರ್ಟರಿನ ಹಿಂದೆ ಬಿಡಿ. ಆ ಪುಟ್ಟ ಸ್ವಿಚ್ಚು ಯಾವ ಕಡೆ ಇದೆ, ನಿಮ್ಮ ಬ್ಯಾಟರಿ ಯಾವ ಜಾತಿಯದು, ಎರಡೂ ಹೊಂದುತ್ತವೆಯೋ ನೋಡಿ. ಎರಡು ನಿಮಿಷದ ಕೆಲಸ. ಖರ್ಚಿಲ್ಲ. ಮುಂದಿನ ಮಳೆಗಾಳಿಗೆ ಮುಂಚೆ ಮಾಡಿ.